ಹೆರಿಗೆ ಕೋಣೆಯಲ್ಲಿ ಕೈ ಹಿಡಿಯುವವರು ಯಾರು?

ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕೆಂದು ಸರಕಾರ ಡಂಗುರ ಸಾರಿತು. ಬೋರಗಾಂವದ ಜನ ಕೇಳಿದರು. ಈಗ ಬ್ಯಾನಿ ಸುರುವಾಯಿತೆಂದರೆ ನಿಪ್ಪಾಣಿ, ಚಿಕ್ಕೋಡಿ, ಇಲ್ಲವೆ ಗಡಿ ದಾಟಿ ಇಚಲಕರಂಜಿ. ತಾಯಿ-ಕೂಸಿನ ಜೀವಕ್ಕೆ ಇದೇ ಸುರಕ್ಷಿತ ದಾರಿ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಜೊತೆಗೆ ಹೋದ ಅವ್ವ, ಅಕ್ಕ, ಅತ್ತಿ ಎಷ್ಟೋ ಕಡೆ ಬಾಗಿಲ ಹೊರಗೇ ಕೂಡಬೇಕು. ಒಳಗೆ ಚೊಚ್ಚಲ ಬಸುರಿ ಒಬ್ಬಳೇ. ನರ್ಸಬಾಯಿಗೆ ನಾಲ್ಕಾರು ಮಂಚ ನೋಡುವ ಕೆಲಸ. ಬೆನ್ನು ತಿಕ್ಕಿ, ಗುಟುಕು ನೀರು ಕುಡಿಸಿ, 'ಅಂಜಬ್ಯಾಡ ತಂಗಿ' ಅನ್ನುವವರಿಲ್ಲ. ಹಿಂದೆ ಸೂಲಗಿತ್ತಿ ಈ ಧೈರ್ಯ ತುಂಬುತ್ತಿದ್ದಳು. ಹೊರದೇಶದಲ್ಲಿ ಹೆರಿಗೆ ಮಾಡಿಸದೆ ಬರೀ ಈ ಆಸರೆ ಕೊಡುವವಳಿಗೆ 'ಡೌಲಾ' ಎನ್ನುತ್ತಾರೆ.

ಇದು ಬರೀ ಸಮಾಧಾನದ ಮಾತೆಂದು ತಿಳಿಯಬೇಡಿ. 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಹೆರಿಗೆಯ ಅಧ್ಯಯನಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬಿಡದೆ ಜೊತೆಗೊಬ್ಬರಿದ್ದರೆ ಸಿಜೇರಿಯನ್ ಕಡಿಮೆ, ನೋವಿನ ಅವಧಿಯೂ ಕಡಿಮೆ ಎಂದು ಕಂಡುಬಂತು. ಕೇಂದ್ರ ಸರಕಾರವೇ 2016ರಲ್ಲಿ, ಸರಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಬಂಧುವರ್ಗದ ಒಬ್ಬ ಹೆಂಗಸು ಇರಬಹುದೆಂದು ಹೇಳಿದೆ. ಕಾಗದದ ಮೇಲಿನ ಈ ಮಾತು ಬಾಗಿಲ ಕಾಯುವವರ ಕಿವಿಗೆ ಬಿದ್ದಿದೆಯೇ?

ಇನ್ನು ರೊಕ್ಕದ ಮಾತು. 2011ರ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಔಷಧಿ, ಊಟ, ರಕ್ತ, ಗಾಡಿ, ಸಿಜೇರಿಯನ್ ಎಲ್ಲ ಪುಕ್ಕಟೆ. 2018ರ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ. ಆದರೆ ರಾತ್ರಿಯಿಡೀ ಕೈ ಹಿಡಿದು ಕೂಡುವವಳಿಗೆ ಅಲ್ಲಿ ಒಂದು ಕಲಂ ಇಲ್ಲ! ಅಮೆರಿಕದ ಒರೆಗಾನ್, ಮಿನೆಸೋಟಾ ರಾಜ್ಯಗಳು ಬಡವರ ಸರಕಾರಿ ವಿಮೆಯಿಂದಲೇ ಡೌಲಾಗಳಿಗೆ ಹಣ ಕೊಡುತ್ತಿವೆ. 2023ರಲ್ಲಿ ಕ್ಯಾಲಿಫೋರ್ನಿಯಾವೂ ಸೇರಿತು.

ನಮ್ಮಲ್ಲಿ? 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರದಲ್ಲಿ ಅವರು ತೀರಿಕೊಂಡರು. ಗೌರವ ಸರಿ. ಆದರೆ ಆ ಕೈಗಳ ಆರೈಕೆಗೆ ಬೆಲೆ ಕಟ್ಟಿದವರು ಯಾರು?

ನಮ್ಮ ಕೇಳಿಕೆ ದೊಡ್ಡದಲ್ಲ. ಹಳೇ ಪದ್ಧತಿಯ ಮನೆ ಹೆರಿಗೆಗೆ ಹೋಗಿರೆಂದು ನಾವು ಹೇಳುತ್ತಿಲ್ಲ. ಪ್ರತಿ ಹೆರಿಗೆ ಕೋಣೆಯಲ್ಲಿ ಮಂಚಕ್ಕೊಂದು ಪರದೆ, ಪಕ್ಕಕ್ಕೊಂದು ಸ್ಟೂಲು ಇರಲಿ. ಮನೆಯವರು ಒಬ್ಬರನ್ನು ಒಳಗೆ ಬಿಡಲಿ. ಯಾರೂ ಇಲ್ಲದವಳಿಗಾಗಿ ಊರಿನ ಅನುಭವಸ್ಥ ಹೆಂಗಸರಿಗೆ ತರಬೇತಿ ಕೊಟ್ಟು, ಹೆರಿಗೆಗೆ ಇಷ್ಟೆಂದು ಸರಕಾರದ ವಿಮೆಯಿಂದಲೇ ಕೊಡಲಿ. ಈಗಾಗಲೇ ಹೊರೆ ಹೊತ್ತ ಆಶಾ ತಾಯಂದಿರ ತಲೆಗೇ ಇದನ್ನೂ ಪುಕ್ಕಟೆ ಕಟ್ಟಬಾರದು.

ಕತ್ತರಿಗೆ ರೊಕ್ಕ ಕೊಡುವ ಸರಕಾರ ಕರುಣೆಗೂ ನಾಲ್ಕು ಕಾಸು ಕೊಡಲಿ. ಆರೋಗ್ಯ ಸಚಿವರು, ಜಿಲ್ಲೆಯ ಅಧಿಕಾರಿಗಳು ಇತ್ತ ಕಣ್ಣು ಹಾಯಿಸುವರೇ?