ಗುಳ್ಳೆ ಬಿಡದ ಡೈವಿಂಗ್ ಯಂತ್ರ ಘಟಪ್ರಭೆಯ ಹುಡುಕಾಟಕ್ಕೆ ಬೇಕೇ?

ಡೈವರ್ ಒಬ್ಬ ಒಂದೂ ಗುಳ್ಳೆ ಬಿಡದೆ ನೀರಿನಡಿ ಈಜುವ ವಿಡಿಯೊ ನೀವೂ ನೋಡಿರಬಹುದು. ‘ಇದರಲ್ಲಿ ಆಕ್ಸಿಜನ್ ಮುಗಿಯುವುದೇ ಇಲ್ಲ, ಪ್ರವಾಹದಲ್ಲಿ ಹುಡುಕುವವರಿಗೆ ಇದನ್ನೇ ಕೊಡಿ’ ಎನ್ನುತ್ತವೆ ಇಂಥ ಫಾರ್ವರ್ಡ್‌ಗಳು. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ಪ್ರವಾಹ ಕಂಡ ಮುಧೋಳದವರಿಗೆ ಈ ಮಾತು ಸರಿ ಅನಿಸುವುದು ಸಹಜ. ಯಂತ್ರವೇನೋ ನಿಜ, ಹೆಸರು ರೀಬ್ರೀದರ್. ಆದರೆ ಹೊಳೆಯ ಹುಡುಕಾಟಕ್ಕೆ ಅದನ್ನು ಕೊಡಬೇಕು ಎಂಬುದನ್ನು ನಾವು ಒಪ್ಪುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ. ಸಾಮಾನ್ಯ ಸ್ಕೂಬಾ ಸಿಲಿಂಡರ್‌ನಲ್ಲಿ ಇರುವುದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಗಾಳಿ. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಆಕ್ಸಿಜನ್ ಶೇ. 21. ಹೊರಬಿಟ್ಟ ಉಸಿರಿನಲ್ಲೂ ಶೇ. 16ರಷ್ಟು ಉಳಿದಿರುತ್ತದೆ. ಅದೆಲ್ಲ ಗುಳ್ಳೆಯಾಗಿ ಪೋಲು.

ರೀಬ್ರೀದರ್ ಆ ಉಸಿರನ್ನು ಚೀಲದಲ್ಲಿ ಹಿಡಿದು, ಸೋಡಾ ಲೈಮ್ ತುಂಬಿದ ಡಬ್ಬಿಯ ಮೂಲಕ ಹಾಯಿಸಿ, ಕಾರ್ಬನ್ ಡೈಆಕ್ಸೈಡ್ ತೆಗೆದು ಮತ್ತೆ ಬಾಯಿಗೆ ಕೊಡುತ್ತದೆ. ಸೋಡಾ ಲೈಮ್‌ನ ಮುಖ್ಯ ಭಾಗ ಅರಳಿಸಿದ ಸುಣ್ಣವೇ. ಲೋಕಾಪುರದ ಸುತ್ತ ಸುಣ್ಣಕಲ್ಲು ಕಂಡವರಿಗೆ ಇದು ಹೊಸದೇನಲ್ಲ: ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಗಾಳಿಯ ಇದೇ ಅನಿಲವನ್ನು ಹೀರಿಕೊಂಡು. ಕೆಲವು ಗಂಟೆಗಳಲ್ಲಿ ಡಬ್ಬಿಯ ಶಕ್ತಿ ಮುಗಿಯುತ್ತದೆ. ಅಂದರೆ ‘ಮುಗಿಯುವುದೇ ಇಲ್ಲ’ ಎಂಬುದು ಸುಳ್ಳು.

ಇದರಲ್ಲಿ ಎರಡು ಬಗೆ. ಸೆಮಿ ಕ್ಲೋಸ್ಡ್ ಯಂತ್ರಕ್ಕೆ ಸಾಮಾನ್ಯವಾಗಿ ನೈಟ್ರಾಕ್ಸ್, ಅಂದರೆ ಆಕ್ಸಿಜನ್ ಹೆಚ್ಚಿಸಿದ ಗಾಳಿ, ಒಂದೇ ವೇಗದಲ್ಲಿ ಹರಿಯುತ್ತದೆ. ಹೆಚ್ಚಾದದ್ದು ಆಗಾಗ ಗುಳ್ಳೆಯಾಗಿ ಹೋಗುತ್ತದೆ. ರಚನೆ ಸರಳ, ಆದರೆ ಸೆಳವಿಗೆ ಎದುರಾಗಿ ಈಜುವವನ ದೇಹ ಒಳಬರುವುದಕ್ಕಿಂತ ಹೆಚ್ಚು ಆಕ್ಸಿಜನ್ ಖರ್ಚು ಮಾಡಿದರೆ ಚೀಲದಲ್ಲಿ ಅದರ ಪ್ರಮಾಣ ಸದ್ದಿಲ್ಲದೆ ಇಳಿಯುತ್ತದೆ. ಉಸಿರುಗಟ್ಟಿದ ಅನುಭವವೂ ಆಗದು. ಆ ಅನುಭವ ಕೊಡುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್, ಅದನ್ನೋ ಸುಣ್ಣ ತೆಗೆದುಬಿಟ್ಟಿದೆ. ಡೈವರ್ ನೇರವಾಗಿ ಪ್ರಜ್ಞೆ ತಪ್ಪುತ್ತಾನೆ.

ಕ್ಲೋಸ್ಡ್ ಯಂತ್ರ ಖರ್ಚಾದಷ್ಟೇ ಆಕ್ಸಿಜನ್ ಸೇರಿಸುತ್ತದೆ. ಈಗಿನವುಗಳಲ್ಲಿ ಸಾಮಾನ್ಯವಾಗಿ ಮೂರು ಸೆನ್ಸರ್. ಅವು ತೋರಿಸುವ ಅಂಕಿಯನ್ನು ಡೈವರ್ ಪದೇ ಪದೇ ಓದುತ್ತಿರಬೇಕು. ಶುದ್ಧ ಆಕ್ಸಿಜನ್ ಮಾತ್ರ ಬಳಸುವ ಹಳೆಯ ಮಾದರಿಗೆ ಸುಮಾರು 6 ಮೀಟರ್ ಮಿತಿ. ಅದಕ್ಕಿಂತ ಕೆಳಗೆ ಫಿಟ್ಸ್ ಬಂದು ಮುಳುಗುವ ಅಪಾಯ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ಬಾವಿಗೆ ಇಳಿಯುವ ಸಾಹಸ ಬೇಡ ಎನ್ನಲು ಇದೊಂದೇ ಕಾರಣ ಸಾಕು.

1998ರಿಂದ 2010ರವರೆಗಿನ ರೀಬ್ರೀದರ್ ಸಾವುಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಹವ್ಯಾಸಿ ಡೈವರ್‌ಗಳಲ್ಲಿ ಸಾವಿನ ಸಂಭವ ಸಾಮಾನ್ಯ ಸ್ಕೂಬಾಕ್ಕಿಂತ ಸುಮಾರು ಹತ್ತು ಪಟ್ಟು.

ಈಗ ಮಳೆಗಾಲದ ಘಟಪ್ರಭೆಯನ್ನು ನೆನೆಸಿಕೊಳ್ಳಿ. ಸೆಳವು ಜೋರು, ಹಾಗಾಗಿ ಸೆಮಿ ಕ್ಲೋಸ್ಡ್ ಬೇಡ. ರಾಡಿ ನೀರಿನಲ್ಲಿ ಕೈ ಕಾಣದು, ಅಂಕಿ ಓದುವುದು ಹೇಗೆ? ಹಾಗಾಗಿ ಕ್ಲೋಸ್ಡ್ ಕೂಡ ಬೇಡ. ಆಳವೂ ಕೆಲವೇ ಮೀಟರ್. ಅಲ್ಲಿ ಸಾಮಾನ್ಯ ಸಿಲಿಂಡರೇ ಮುಕ್ಕಾಲು ಗಂಟೆಯ ಆಸುಪಾಸು ಬರುತ್ತದೆ. ಹಣವಿದ್ದರೆ ದಡದಿಂದ ಪೈಪಿನಲ್ಲಿ ಗಾಳಿ ಕೊಡುವ ವ್ಯವಸ್ಥೆ, ಮಾತನಾಡಲು ತಂತಿ, ಸೊಂಟಕ್ಕೆ ಹಗ್ಗ, ಹಗ್ಗ ಹಿಡಿಯಲು ತರಬೇತಾದ ಇನ್ನೊಬ್ಬರು ಇವಕ್ಕೆ ಹಾಕುವುದು ಮೇಲು.

ರೀಬ್ರೀದರ್‌ಗೆ ತಕ್ಕ ಜಾಗ ಬೇರೆ: ಆಳದ ಗುಹೆಗಳು, ಗುಳ್ಳೆ ಕಾಣಬಾರದ ನೌಕಾಪಡೆಯ ಕೆಲಸ, ಮೀನು ಬೆದರದಂತೆ ಚಿತ್ರ ತೆಗೆಯುವುದು. ಮುರ್ಡೇಶ್ವರದ ಆಚೆ ನೇತ್ರಾಣಿಯಲ್ಲಿ ಪ್ರವಾಸಿಗರು ಹವಳ ನೋಡಲು ಇಳಿಯುವುದಕ್ಕೆ ಗುಳ್ಳೆ ಬಿಡುವ ಹಳೆಯ ಸ್ಕೂಬಾವೇ ಸಾಕು.