ಮನೋಬಲದ ಪಾಠವೂ ಪಣದ ಲೆಕ್ಕವೂ

ಇಸ್ಪೀಟಿನಾಟಕ್ಕೂ ಗುರುಗಳು ಹುಟ್ಟಿಕೊಂಡಿರುವ ಕಾಲವಿದು. ಪೋಕರ್ ಎಂಬ ಪಣದ ಆಟದಲ್ಲಿ ಎಲೆಗಳ ಲೆಕ್ಕವನ್ನಷ್ಟೇ ಅಲ್ಲ, ಸೋತಾಗ ಸಿಟ್ಟಿಗೇಳದ, ಗೆದ್ದಾಗ ಉಬ್ಬದ ಮನಸ್ಸಂಯಮವನ್ನೂ ಶುಲ್ಕ ಪಡೆದು ಕಲಿಸಲಾಗುತ್ತದೆ. ಬಂಗಾರಪೇಟೆಯಿಂದ ದಿನವೂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಯುವಕರ ಫೋನಿಗೂ ಇಂತಹ ಪಾಠಗಳು ತಲುಪಬಲ್ಲವು. ಆದುದರಿಂದ ಈ ವಿದ್ಯೆಯ ಗುಣಮಟ್ಟವೇನೆಂದು ವಿಚಾರಿಸುವುದು ಮನೆಯ ಹಿರಿಯರ ಹೊಣೆ.

ಪಾಠದಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಸೋತ ಕೋಪದಲ್ಲಿ ಪಣ ಹೆಚ್ಚಿಸುವವನು ಇನ್ನಷ್ಟು ಸೋಲುತ್ತಾನೆ. ಅವನನ್ನು ತಡೆಯುವ ಬೋಧನೆ ಒಳ್ಳೆಯದೇ. ಆದರೆ ಗುರುವಿನ ಯೋಗ್ಯತೆಯನ್ನು ಅಳೆಯುವುದೆಂತು? ಕೆಲವು ವಾರಗಳ ಗೆಲುವು ಅದೃಷ್ಟದಿಂದಲೂ ಬಂದೀತು. ಗೆದ್ದ ದಿನಗಳನ್ನು ಮಾತ್ರ ತೋರಿಸುವವನನ್ನು ನಂಬುವಂತಿಲ್ಲ. ಆಟ ನಡೆಸುವ ಕಂಪನಿಯಿಂದ ಕಮಿಷನ್ ಪಡೆಯುವವನು ಶಿಷ್ಯನಿಗೆ ‘ಇನ್ನು ಸಾಕು, ಏಳು’ ಎಂದಾನೆಯೇ?

ಇದಕ್ಕೂ ಮಿಗಿಲಾದ ಲೆಕ್ಕವೊಂದಿದೆ. ಕಟ್ಟಿದ ಪಣದಿಂದ ಕಂಪನಿಯು ತನ್ನ ಪಾಲನ್ನು ಮುರಿದುಕೊಳ್ಳುತ್ತದೆ. ಆಡುವವರೆಲ್ಲರೂ ಸಂಯಮಿಗಳಾದರೂ ಅವರ ಒಟ್ಟು ಹಣ ಕರಗುತ್ತಲೇ ಹೋಗುತ್ತದೆ. ಈ ಮಾತು ಕೆ.ಜಿ.ಎಫ್. ಜನರಿಗೆ ಬೇಗ ಅರ್ಥವಾದೀತು. ಮೂರು ಕಿಲೋಮೀಟರಿಗೂ ಆಳಕ್ಕಿಳಿದು ದುಡಿದವರ ಎದೆಗಾರಿಕೆಗೆ ಕೊರತೆಯಿರಲಿಲ್ಲ. ಆದರೂ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು; ದೊರೆಯುವ ಚಿನ್ನದ ಬೆಲೆಗಿಂತ ತೆಗೆಯುವ ವೆಚ್ಚ ಮಿಗಿಲಾಗಿತ್ತು. ಮನೋಬಲವು ಲೆಕ್ಕವನ್ನು ಬದಲಿಸಲಾರದು.

ರಾಜ್ಯವು 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಾದರೋ ಕೌಶಲ, ಅದೃಷ್ಟ ಎಂಬ ಭೇದವೆಣಿಸದೆ ಹಣ ಪಣವಿಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸುತ್ತದೆ. ಅದರ ಶಿಕ್ಷೆ ಆಟ ನಡೆಸುವವರಿಗೆ ಮತ್ತು ಪ್ರಚಾರ ಮಾಡುವವರಿಗೆ, ಆಡಿದವನಿಗಲ್ಲ. ಆದ್ದರಿಂದ ಸಾಲದಲ್ಲಿ ಸಿಲುಕಿದ ಮಗನು ಆ ಕಾಯ್ದೆಗೆ ಹೆದರಿ ಮನೆಯವರಿಂದ ಅದನ್ನು ಮುಚ್ಚಿಡಬೇಕಾಗಿಲ್ಲ.

ಪಣದ ಆಟ ತನ್ನಷ್ಟಕ್ಕೆ ಅನ್ಯಾಯವಲ್ಲ. ತನಗೂ ಇತರರಿಗೂ ಜೀವನಾವಶ್ಯಕವಾದುದನ್ನು ಕಸಿದಾಗ ಅದು ಅನೈತಿಕ, ಅದರ ಮೋಹವು ಮನುಷ್ಯನನ್ನು ದಾಸನನ್ನಾಗಿಸೀತು ಎಂಬುದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ ನಿಲುವು. ಗದರಿಸುವ ಮುನ್ನ ಹೆತ್ತವರು ಮಗನೊಡನೆ ಕುಳಿತು ಮೂರು ಅಂಕಿಗಳನ್ನು ಬರೆಯಲಿ: ಎಷ್ಟು ಹಾಕಿದ್ದು, ಎಷ್ಟು ಬಂದದ್ದು, ಗುರುವಿಗೆ ಎಷ್ಟು ಕೊಟ್ಟದ್ದು. ಬಿಡಲಾಗದ ಚಟವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯಿದೆ. ಅಲ್ಲಿಗೆ ಹೋಗುವುದು ನಾಚಿಕೆಯ ಮಾತಲ್ಲ; ಮಗನನ್ನು ಒಬ್ಬಂಟಿಯಾಗಿ ಸೋಲಲು ಬಿಡುವುದೇ ನಾಚಿಕೆಗೇಡು.