ಕಾಳು ಮೊಳೆಯುವುದು ಕತ್ತಲಲ್ಲಿ, ಅಂಕ ಸಿಗುವುದು ಬೆಳಕಿಗೆ

ನಗರದ ಇಂಗ್ಲಿಷ್ ಮಾಧ್ಯಮ ಶಾಲೆಯೊಂದರಲ್ಲಿ ಮೂರನೆಯ ತರಗತಿ ಓದುತ್ತಿರುವ ನನ್ನ ಮೊಮ್ಮಗಳ ಪರಿಸರ ಅಧ್ಯಯನದ ಉತ್ತರಪತ್ರಿಕೆ ಮನೆಗೆ ಬಂದಿತ್ತು. ಬೀಜ ಮೊಳೆಯಲು ಏನೇನು ಬೇಕು ಎಂಬ ಪ್ರಶ್ನೆಗೆ ಅವಳು ‘ನೀರು, ಗಾಳಿ’ ಎಂದಷ್ಟೇ ಬರೆದಿದ್ದಳು. ಶಿಕ್ಷಕಿ ಕೆಂಪು ಶಾಯಿಯಲ್ಲಿ ಅದರ ಪಕ್ಕ ‘ಮಣ್ಣು, ಸೂರ್ಯನ ಬೆಳಕು’ ಎಂದು ಸೇರಿಸಿ ಎರಡು ಅಂಕಗಳಲ್ಲಿ ಒಂದನ್ನು ಕಳೆದಿದ್ದರು. ಅವೆರಡನ್ನು ಏಕೆ ಬಿಟ್ಟೆ ಎಂದು ಕೇಳಿದಾಗ ಹುಡುಗಿ ಕೊಟ್ಟ ಕಾರಣ ಹೀಗಿತ್ತು: ‘ಅಜ್ಜಿ ಹೆಸರುಕಾಳನ್ನ ಒದ್ದೆ ಬಟ್ಟೆಯಲ್ಲಿ ಕಟ್ಟಿ ಡಬ್ಬಿಯೊಳಗೆ ಇಡ್ತಾರಲ್ಲ ತಾತ, ಅಲ್ಲಿ ಮಣ್ಣೂ ಇಲ್ಲ, ಬಿಸಿಲೂ ಇಲ್ಲ. ಆದ್ರೂ ಮೊಳಕೆ ಬರತ್ತೆ.’

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಬೀಜ ಮೊಳೆಯಲು ಬೇಕಾದುದು ನೀರು, ಗಾಳಿ ಮತ್ತು ಹದವಾದ ಶಾಖ. ಬೆಳಕು ಬಿದ್ದರಷ್ಟೇ ಮೊಳೆಯುವ ಕೆಲವು ಬೀಜಗಳು ಇವೆಯಾದರೂ ನಮ್ಮ ಅಡುಗೆಮನೆಯ ಹೆಸರು, ಕಡಲೆ, ಹುರುಳಿಗಳು ಆ ಗುಂಪಿಗೆ ಸೇರಿದವಲ್ಲ. ಮೊಳಕೆಗೆ ಬೇಕಾದ ಆಹಾರ ಕಾಳಿನ ಬೇಳೆಯಲ್ಲಿಯೇ ಸಂಗ್ರಹವಾಗಿರುತ್ತದೆ. ಬೆಳಕು ಬೇಕಾಗುವುದು ಆನಂತರ, ಮೊಳಕೆಯು ಗಿಡವಾಗುವಾಗ. ಶಿಕ್ಷಕಿಯನ್ನು ದೂರುವುದು ನನ್ನ ಉದ್ದೇಶವಲ್ಲ. ರಾಶಿ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಮೊದಲೇ ಸಿದ್ಧವಾದ ಮಾದರಿ ಉತ್ತರಕ್ಕೆ ಹೋಲಿಸಿ ಅಂಕ ಕೊಡಬೇಕಾದವರು ಮಾಡುವುದನ್ನೇ ಅವರೂ ಮಾಡಿದ್ದಾರೆ.

ಒಂದು ಅಂಕದ ಸಲುವಾಗಿ ಇಷ್ಟೊಂದು ಮಾತೇಕೆ ಎಂದು ಓದುಗರು ಕೇಳಬಹುದು. ನನ್ನನ್ನು ಚಿಂತೆಗೀಡುಮಾಡಿದ್ದು ಕಳೆದುಹೋದ ಅಂಕವಲ್ಲ, ಅದನ್ನು ಮರಳಿ ಪಡೆದ ಬಗೆ. ಮುಂದಿನ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಾಗ ಅವಳು ನಾಲ್ಕೂ ವಸ್ತುಗಳ ಹೆಸರು ಬರೆದು ಪೂರ್ಣ ಅಂಕ ಗಳಿಸಿದಳು. ಹಾಗಾದರೆ ಡಬ್ಬಿಯೊಳಗಿನ ಕಾಳು? ‘ಅದು ಮನೇದು, ಇದು ಸ್ಕೂಲಿಂದು’ ಎಂದಳು. ಎಂಟು ವರ್ಷದ ಮಗು ಜ್ಞಾನಕ್ಕೆ ಎರಡು ಖಾತೆ ತೆರೆದಿತ್ತು: ಕಣ್ಣಿಗೆ ಕಂಡದ್ದಕ್ಕೆ ಒಂದು, ಪುಸ್ತಕದಲ್ಲಿರುವುದಕ್ಕೆ ಇನ್ನೊಂದು. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ವಿಜ್ಞಾನದ ಹೆಸರಿನಲ್ಲಿ ನಡೆಯುತ್ತಿರುವ ಬೋಧನೆಯ ಅತಿ ದೊಡ್ಡ ನಷ್ಟ ಇದೇ ಎಂಬುದು ನನ್ನ ವಾದ.

ಆರರಿಂದ ಹತ್ತು ವರ್ಷದ ಮಕ್ಕಳಿಗೆ ವಿಜ್ಞಾನವೆಂದರೆ ಪಾರಿಭಾಷಿಕ ಪದಗಳ ಪಟ್ಟಿಯಲ್ಲ. ಗಮನವಿಟ್ಟು ನೋಡುವುದು, ಹೋಲಿಸುವುದು, ವಿಂಗಡಿಸುವುದು, ಅಳೆಯುವುದು, ಹೀಗಾಗಬಹುದೆಂದು ಊಹಿಸುವುದು, ಊಹೆಯನ್ನು ಪರೀಕ್ಷೆಗೊಡ್ಡುವುದು, ಕಂಡದ್ದನ್ನು ಇದ್ದ ಹಾಗೆ ಹೇಳುವುದು – ಈ ಕೌಶಲಗಳೇ ಆ ವಯಸ್ಸಿನ ವಿಜ್ಞಾನ. ಪರಿಕಲ್ಪನೆಗಳು ಇವುಗಳ ಬೆನ್ನಿಗೆ ಬರುತ್ತವೆ.

ಅದೇ ಹೆಸರುಕಾಳನ್ನು ತರಗತಿಗೆ ತಂದರೆ ಏನಾಗಬಹುದೆಂದು ನೋಡೋಣ. ನಾಲ್ಕು ಬಟ್ಟಲು, ಒಂದೊಂದರಲ್ಲೂ ಹತ್ತು ಕಾಳು. ಮೊದಲನೆಯದು ಒಣಗಿದ್ದು. ಎರಡನೆಯದು ಒದ್ದೆ ಬಟ್ಟೆಯಲ್ಲಿ, ಕಿಟಕಿಯ ಬೆಳಕಿನಲ್ಲಿ. ಮೂರನೆಯದೂ ಒದ್ದೆ ಬಟ್ಟೆಯಲ್ಲಿಯೇ, ಆದರೆ ಬೀರುವಿನ ಕತ್ತಲಲ್ಲಿ. ನಾಲ್ಕನೆಯದು ನೀರಿನಲ್ಲಿ ಪೂರ್ತಿ ಮುಳುಗಿದ್ದು. ಯಾವುದು ಮೊಳೆಯುತ್ತದೆ ಎಂದು ಮಕ್ಕಳು ಮೊದಲೇ ಊಹೆ ಬರೆದಿಡಬೇಕು. ಎರಡು ಮೂರು ದಿನಗಳಲ್ಲಿ ಬೆಳಕಿನದೂ ಕತ್ತಲಿನದೂ ಮೊಳೆಯುತ್ತವೆ; ಒಣಗಿದ್ದು ಹಾಗೆಯೇ ಇರುತ್ತದೆ; ಮುಳುಗಿದ್ದು ಮೂತಿ ಒಡೆದರೂ ಮುಂದೆ ಬೆಳೆಯಲಾರದೆ ಕೊಳೆತು ನಾರುತ್ತದೆ. ಹತ್ತರಲ್ಲಿ ಒಂದೆರಡು ಕಾಳು ಎಲ್ಲ ಅನುಕೂಲವಿದ್ದೂ ಮೊಳೆಯದೆ ಉಳಿದರೆ ಹೊಸ ಪ್ರಶ್ನೆ ಹುಟ್ಟುತ್ತದೆ. ಒಂದೇ ಕಾಳಿನಿಂದ ತೀರ್ಮಾನಕ್ಕೆ ಬರಬಾರದೆಂಬ ಪಾಠವೂ ಸಿಗುತ್ತದೆ. ಬಟ್ಟಲುಗಳನ್ನು ಇನ್ನೊಂದು ವಾರ ಇಟ್ಟರೆ ಕತ್ತಲಿನ ಸಸಿಗಳು ಉದ್ದವಾಗಿ, ಬಿಳಿಚಿಕೊಂಡು, ನಿಲ್ಲಲಾರದೆ ಬಾಗುತ್ತವೆ. ಬೆಳಕಿನವು ಗಿಡ್ಡಗಿದ್ದರೂ ಹಸಿರಾಗಿ ನೆಟ್ಟಗಿರುತ್ತವೆ. ಶಿಕ್ಷಕಿಯ ‘ಸೂರ್ಯನ ಬೆಳಕು’ ಎಂಬ ಉತ್ತರಕ್ಕೂ ಈಗ ಸರಿಯಾದ ಜಾಗ ಸಿಕ್ಕಿತು. ಒಮ್ಮೆಗೆ ಒಂದೇ ಅಂಶವನ್ನು ಬದಲಿಸಿ ಹೋಲಿಸಬೇಕೆಂಬ, ಸಂಶೋಧನಾಲಯಗಳಲ್ಲಿಯೂ ಪಾಲಿಸುವ ನಿಯಮವನ್ನು ಮಗು ನಾಲ್ಕು ಬಟ್ಟಲುಗಳಲ್ಲಿ ಕಲಿತಿರುತ್ತದೆ. ಖರ್ಚು ಒಂದು ಹಿಡಿ ಹೆಸರುಕಾಳು.

ಮಕ್ಕಳು ತರಗತಿಗೆ ಬರುವಾಗಲೇ ಲೋಕದ ಬಗ್ಗೆ ತಮ್ಮದೇ ಆದ ಸಿದ್ಧಾಂತಗಳನ್ನು ಕಟ್ಟಿಕೊಂಡಿರುತ್ತಾರೆ ಎಂಬುದು ಶಿಕ್ಷಣ ಸಂಶೋಧನೆಯಲ್ಲಿ ಸ್ಥಿರಪಟ್ಟ ಸಂಗತಿ. ಅಗಲ ಲೋಟದ ನೀರನ್ನು ಕಿರಿದಾದ ಎತ್ತರದ ಲೋಟಕ್ಕೆ ಸುರಿದರೆ ನೀರು ಹೆಚ್ಚಾಯಿತೆಂದು ಐದು ವರ್ಷದ ಮಕ್ಕಳು ನಂಬುವುದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿಕೊಟ್ಟರು. ಭೂಮಿ ದುಂಡಗಿದೆ ಎಂದು ಶಾಲೆಯಲ್ಲಿ ಕಲಿತ ಮಕ್ಕಳು ಅದನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂದು ಸ್ಟೆಲ್ಲಾ ವೊಸ್ನಿಯಾಡು ಮತ್ತು ವಿಲಿಯಂ ಬ್ರೂವರ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಶೀಲಿಸಿದರು. ಕೆಲವರ ಪಾಲಿಗೆ ಅದು ದೋಸೆಯಂತೆ ದುಂಡಗಿತ್ತು. ಕೆಲವರು ಟೊಳ್ಳು ಗೋಳದ ಒಳಗೆ ಸಮತಟ್ಟಾದ ನೆಲದ ಮೇಲೆ ಜನ ಇದ್ದಾರೆಂದು ಭಾವಿಸಿದ್ದರು. ಇನ್ನು ಕೆಲವರಿಗೆ ಭೂಮಿಗಳೇ ಎರಡು, ನಾವಿರುವುದು ಒಂದು, ಆಕಾಶದಲ್ಲಿರುವ ದುಂಡನೆಯದು ಇನ್ನೊಂದು. ನನ್ನ ಮೊಮ್ಮಗಳ ಎರಡು ಖಾತೆಗಳು ಹೊಸವೇನಲ್ಲ. ಬಾಲ್ಯದಲ್ಲಿ ಇವನ್ನು ಹೊರಗೆಳೆದು ಚರ್ಚಿಸದಿದ್ದರೆ ಪದವಿಯೂ ಇವನ್ನು ಅಳಿಸದು. ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ ಪದವೀಧರರನ್ನು ಮಾತನಾಡಿಸಿ 1987ರಲ್ಲಿ ತಯಾರಿಸಿದ ಸಾಕ್ಷ್ಯಚಿತ್ರವೊಂದರಲ್ಲಿ, ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆಯಾಗುತ್ತದೆ ಎಂದೇ ಬಹುತೇಕರು ಉತ್ತರಿಸಿದ್ದರು.

ನಮ್ಮ ದೇಶಕ್ಕೆ ಈ ಅರಿವು ಇಲ್ಲದಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳು ಪ್ರಯೋಗ ಮಾಡಿ ತಾವೇ ಉತ್ತರ ಬರೆಯುತ್ತಿದ್ದರು. ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಎದುರಿಸುತ್ತಿದ್ದರು. ನೂರಾರು ಶಾಲೆಗಳಿಗೆ ಹಬ್ಬಿದ ಆ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಜಯಶ್ರೀ ರಾಮದಾಸ್ ರೂಪಿಸಿದ ‘ಸ್ಮಾಲ್ ಸೈನ್ಸ್’ ಪುಸ್ತಕಗಳು ಪುಟ್ಟ ಮಕ್ಕಳಿಗಾಗಿಯೇ ಇವೆ. ನಮ್ಮಲ್ಲಿ ರಿಷಿವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ–ಕಲಿ, ಮಗು ತನ್ನ ವೇಗದಲ್ಲಿ, ಮಾಡುತ್ತ ಕಲಿಯಬೇಕೆಂಬ ತತ್ತ್ವದ ಮೇಲೆ ನಿಂತಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ದುಡಿದ ವಿಜ್ಞಾನ ಬೋಧನೆಯ ತಜ್ಞರ ಗುಂಪು, ಪ್ರಾಥಮಿಕ ಹಂತದಲ್ಲಿ ಔಪಚಾರಿಕ ಪರೀಕ್ಷೆಯೂ ಅಂಕಗಳೂ ಬೇಡವೆಂದು ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅನುಭವದ ಮೂಲಕ ಕಲಿಕೆಯನ್ನೇ ಪ್ರತಿಪಾದಿಸುತ್ತದೆ. ಕಾಗದದ ಮೇಲೆ ಕೊರತೆ ಇಲ್ಲ.

ಕೊರತೆ ಇರುವುದು ನಾವು ಮಗುವನ್ನು ಕೇಳುವ ಪ್ರಶ್ನೆಯಲ್ಲಿ. ಕರ್ನಾಟಕದಲ್ಲಿ ಐದನೆಯ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಸುವ ವಿವಾದ 2023 ಮತ್ತು 2024ರಲ್ಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಪರೀಕ್ಷೆ ಬೇಕೋ ಬೇಡವೋ ಎಂಬ ಚರ್ಚೆ ಕಾವೇರಿದಷ್ಟು, ಆ ಪತ್ರಿಕೆಯಲ್ಲಿ ಏನನ್ನು ಕೇಳಬೇಕೆಂಬ ಚರ್ಚೆ ನಡೆಯಲಿಲ್ಲ. ‘ಬೀಜ ಮೊಳೆಯಲು ಏನು ಬೇಕು?’ ಎಂದು ಕೇಳಿದರೆ ಕಂಠಪಾಠ ಸಾಕು. ‘ಬೀಜಕ್ಕೆ ಬೆಳಕು ಬೇಕೇ ಎಂದು ತಿಳಿಯಲು ನೀನು ಏನು ಮಾಡುತ್ತೀಯ?’ ಎಂದು ಕೇಳಿದರೆ ಯೋಚನೆ ಬೇಕು. ಆದರೆ ಎರಡನೆಯ ಪ್ರಶ್ನೆಗೆ ಮೂವತ್ತು ಮಕ್ಕಳು ಮೂವತ್ತು ಬಗೆಯ ಉತ್ತರ ಬರೆಯುತ್ತಾರೆ. ಅವನ್ನು ಓದಿ ತೂಗುವ ತರಬೇತಿಯನ್ನೂ ಬಿಡುವನ್ನೂ ಶಿಕ್ಷಕರಿಗೆ ನಾವು ಕೊಟ್ಟಿಲ್ಲ.

ಇನ್ನೊಂದು ಕೊರತೆ ನಮ್ಮಂಥ ಪಾಲಕರಲ್ಲಿದೆ. ಮೂರನೆಯ ತರಗತಿಯ ಮಗು ‘ಫೋಟೋಸಿಂಥೆಸಿಸ್’ ಎಂಬುದರ ಕಾಗುಣಿತವನ್ನು ತಪ್ಪಿಲ್ಲದೆ ಒಪ್ಪಿಸಿದರೆ ಶುಲ್ಕ ಸಾರ್ಥಕವಾಯಿತೆಂದು ಬೀಗುವವರು ನಾವು. ವಿಜ್ಞಾನ ಪ್ರದರ್ಶನದ ಹಿಂದಿನ ರಾತ್ರಿ ಥರ್ಮೋಕೋಲ್ ಕತ್ತರಿಸಿ ಜ್ವಾಲಾಮುಖಿ ಕಟ್ಟುವವರೂ ನಾವೇ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ, ಕನಿಷ್ಠ ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಕೆ ನಡೆಯಬೇಕೆಂದು ಶಿಫಾರಸು ಮಾಡಿದೆ. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿಯೇ ತೀರ್ಪಿತ್ತಿದೆ. ಆ ಜಟಾಪಟಿ ಏನೇ ಇರಲಿ, ಯೋಚಿಸುವ ಮಗುವಿಗೆ ಮಾತು ಬೇಕು. ಮೊಳಕೆ, ಚಿಗುರು, ಹದ, ಬೂಷ್ಟು ಎಂಬ ಪದಗಳು ಬಾಯಲ್ಲಿರುವ ಮಗುವಿಗೆ ಆ ಪದಗಳಲ್ಲಿ ಮಾತನಾಡಲು ತರಗತಿಯಲ್ಲಿ ಅವಕಾಶವಿಲ್ಲದಿದ್ದರೆ ಅದು ಸುಮ್ಮನಾಗುತ್ತದೆ. ಹಾಗೆಂದು ಕನ್ನಡ ಮಾಧ್ಯಮ ತಾನಾಗಿಯೇ ಪರಿಹಾರವಲ್ಲ. ‘ದ್ಯುತಿಸಂಶ್ಲೇಷಣೆ’ಯೂ ಗಟ್ಟು ಹೊಡೆದ ಪದವಾದರೆ ಅದು ಮಗುವಿಗೆ ಇಂಗ್ಲಿಷಿನಷ್ಟೇ ದೂರ.

ಮಕ್ಕಳು ಎಲ್ಲವನ್ನೂ ತಾವೇ ಕಂಡುಹಿಡಿಯಲು ಸಾಧ್ಯವೇ ಎಂಬ ಆಕ್ಷೇಪ ನ್ಯಾಯವಾದುದೇ. ಸಾಧ್ಯವಿಲ್ಲ. ಭೂಮಿ ತಿರುಗುವುದಾಗಲಿ, ರೋಗಾಣುಗಳಾಗಲಿ ಅಂಗಳದಲ್ಲಿ ಕಾಣಸಿಗುವುದಿಲ್ಲ. ಅದನ್ನು ಗುರುಗಳು ಹೇಳಿಯೇ ಕೊಡಬೇಕು. ಚಟುವಟಿಕೆ ಮುಗಿಸಿ ಕೈತೊಳೆದುಕೊಂಡು, ಕಂಡದ್ದೇನು, ಅದರ ಅರ್ಥವೇನು ಎಂದು ಮಾತನಾಡದಿದ್ದರೆ ಅದು ಬರೀ ಆಟ. ಆದರೆ ಸ್ವತಃ ನೋಡಿ ತಿಳಿದ ಅನುಭವವುಳ್ಳ ಮಗು ಮಾತ್ರ, ಬೇರೆಯವರು ನೋಡಿ ತಿಳಿದದ್ದನ್ನು ನಂಬಲು ಆಧಾರವೇನೆಂದು ಕೇಳಬಲ್ಲದು.

ಹಾಗೆ ಕೇಳಲು ಕಲಿಯದ ಸಮಾಜ ಹೇಗಿರುತ್ತದೆ ಎಂಬುದನ್ನು ಗ್ರಹಣಗಳು ನಮಗೆ ಆಗಾಗ ತೋರಿಸುತ್ತವೆ. 1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕರ್ನಾಟಕದ ಮೇಲೆ ಹಾದುಹೋದಾಗ ರಸ್ತೆಗಳು ಬಿಕೋ ಎನ್ನುತ್ತಿದ್ದವು. ಸುಮಾರು ನಾಲ್ಕು ದಶಕಗಳ ಬಳಿಕ, 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಬಳಿಯ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು, ಗುಣವಾಗುತ್ತಾರೆಂಬ ನಂಬಿಕೆಯಿಂದ, ಕುತ್ತಿಗೆಯವರೆಗೆ ಹೂತಿಟ್ಟ ಸುದ್ದಿ ಓದಿದೆವು. ಅದನ್ನು ಬಡವರ ಮೌಢ್ಯವೆಂದು ಜರೆದು ಕೈತೊಳೆದುಕೊಳ್ಳುವುದು ಸುಲಭ. ಗ್ರಹಣವೆಂದರೆ ನೆರಳಿನಾಟವೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಪದವೀಧರರ ಮನೆಗಳಲ್ಲಿಯೂ ಅಂದು ನೀರಿನ ಕೊಡಕ್ಕೆ, ಉಪ್ಪಿನಕಾಯಿ ಭರಣಿಗೆ ದರ್ಭೆ ಬಿದ್ದಿತ್ತು. ಶಾಲೆಯದು ಒಂದು ಖಾತೆ, ಮನೆಯದು ಇನ್ನೊಂದು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಗೆ 1976ರಲ್ಲಿಯೇ ಬರೆದುಕೊಂಡಿದ್ದೇವೆ. ಉಪದೇಶದಿಂದ ಅದು ಬರುವುದಿಲ್ಲ. ದರ್ಭೆ ಹಾಕಿದ ಅನ್ನದ ಬಟ್ಟಲೊಂದು, ಹಾಕದ್ದು ಒಂದು, ಯಾವುದು ಮೊದಲು ಹಳಸುತ್ತದೆ ನೋಡೋಣ ಎಂದು ಮಗು ಕೇಳುವಂತಾದರೆ ಅದೇ ಆ ಮನೋಭಾವ. ಹೆಸರುಕಾಳಿನ ನಾಲ್ಕು ಬಟ್ಟಲುಗಳಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಆದುದರಿಂದ ಸರ್ಕಾರ ದೊಡ್ಡ ಯೋಜನೆಗಳನ್ನೇನೂ ಘೋಷಿಸಬೇಕಾಗಿಲ್ಲ. ಐದನೆಯ ತರಗತಿಯವರೆಗೆ ಪರಿಸರ ಅಧ್ಯಯನದ ಲಿಖಿತ ಪರೀಕ್ಷೆಯ ಬದಲು ಮಗು ವರ್ಷವಿಡೀ ಬರೆದು, ಚಿತ್ರಿಸಿದ ವೀಕ್ಷಣೆಯ ಪುಸ್ತಕವನ್ನು ಮೌಲ್ಯಮಾಪನಕ್ಕೆ ಪರಿಗಣಿಸಲಿ. ಅದನ್ನು ಮಗು ತನಗೆ ಒಗ್ಗಿದ ಭಾಷೆಯಲ್ಲಿ ಬರೆಯಲಿ. ಶಿಕ್ಷಕರ ತರಬೇತಿಯಲ್ಲಿ ಭಾಷಣ ಕಡಿಮೆಯಾಗಿ, ಅವರೇ ಬಟ್ಟಲು ಜೋಡಿಸಿ ತಪ್ಪು ಊಹೆ ಮಾಡಿ ನೋಡುವಂತಾಗಲಿ. ವಾರಕ್ಕೊಂದು ಅವಧಿ ಮಕ್ಕಳು ಶಾಲೆಯ ಅಂಗಳಕ್ಕಿಳಿಯಲಿ. ನಡುಹಗಲು ಸೂರ್ಯ ನೆತ್ತಿಯ ಮೇಲಿರುತ್ತಾನೆಂದು ನಾವೆಲ್ಲ ಹೇಳುತ್ತೇವೆ. ಅಂಗಳದಲ್ಲಿ ಕೋಲು ನೆಟ್ಟು ನೆರಳನ್ನು ಅಳೆದ ಮಗುವಿಗೆ, ಬೆಂಗಳೂರಿನಲ್ಲಿ ಅದು ನಿಜವಾಗುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಾತ್ರ ಎಂಬುದು ತಿಳಿಯುತ್ತದೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡ ಎಂಬ ತೊಡಕಿದೆ. ಆದರೂ ವರ್ಷವಿಡೀ ನೆರಳು ಅಳೆದ ಮಗುವಿಗೆ ಗ್ರಹಣವೂ ಒಂದು ನೆರಳೆಂದು ಒಪ್ಪಿಕೊಳ್ಳುವುದು ಕಷ್ಟವಾಗದು.

ಪಾಲಕರ ಪಾಲಿನ ಕೆಲಸ ಇನ್ನೂ ಸುಲಭದ್ದು. ಸಂಜೆ ಶಾಲೆಯಿಂದ ಬಂದ ಮಗುವನ್ನು ಎಷ್ಟು ಅಂಕ ಬಂತು ಎನ್ನುವ ಬದಲು ಇವತ್ತು ಏನು ನೋಡಿದೆ ಎಂದು ಕೇಳುವುದು. ನಾನೂ ಈಗ ಹಾಗೆಯೇ ಕೇಳುತ್ತಿದ್ದೇನೆ. ಮೊದಮೊದಲು ಮೊಮ್ಮಗಳು ‘ಏನೂ ಇಲ್ಲ’ ಎನ್ನುತ್ತಿದ್ದಳು. ಕಳೆದ ವಾರ ಅಜ್ಜಿಯ ಡಬ್ಬಿಯಿಂದ ಹತ್ತು ಕಾಳು ಎಣಿಸಿ ತೆಗೆದುಕೊಂಡು ಕಿಟಕಿಯಲ್ಲಿ ಇಟ್ಟಿದ್ದಾಳೆ. ಅದರ ಫಲಿತಾಂಶವನ್ನು ಬರೆಯಲು ಅವಳ ಉತ್ತರಪತ್ರಿಕೆಯಲ್ಲಿ ಜಾಗವಿರಬೇಕು.